ಫಾಸ್ಫೇಟ್: ಕಾರ್ಖಾನೆಯಲ್ಲಿ ಸರಿ, ಕ್ಯಾನಿನಲ್ಲಿ ಅಪರಾಧ



ಮಾಲೂರು ತಾಲ್ಲೂಕಿನ ಸಂಘವೊಂದಕ್ಕೆ ಭೇಟಿ ನೀಡಿದ್ದಾಗ ಸದಸ್ಯರೊಬ್ಬರು ಚೀಸ್ ಡಬ್ಬಿಯೊಂದನ್ನು ತಂದು ತೋರಿಸಿದರು. "ಡಾಕ್ಟ್ರೇ, ಇದರಲ್ಲಿ ಫಾಸ್ಫೇಟ್ ಹಾಕಿದ್ದೇವೆ ಅಂತ ಕಂಪನಿಯವರೇ ಬರೆದಿದ್ದಾರೆ. ಹಾಲು ಒಡೆಯದ ಹಾಗೆ ನಾವೂ ಕ್ಯಾನಿಗೆ ಒಂದು ಚಿಟಿಕೆ ಹಾಕಿದರೆ ತಪ್ಪೇನು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಉತ್ತರವನ್ನು ಎಲ್ಲ ಸದಸ್ಯರಿಗೂ ತಿಳಿಸುತ್ತಿದ್ದೇನೆ.

ಫಾಸ್ಫೇಟ್ ಎಂದರೆ ರಂಜಕದ ಲವಣ. ರಂಜಕವು ನಮ್ಮ ಮೂಳೆ, ಹಲ್ಲುಗಳಿಗೆ ಅಗತ್ಯ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 900 ಮಿಲಿಗ್ರಾಂ ರಂಜಕ ಸಹಜವಾಗಿಯೇ ಇರುತ್ತದೆ. ಹಾಲಿನ ಕೇಸಿನ್ ಕಣಗಳನ್ನು ಹಿಡಿದಿಡುವುದೂ ಸುಣ್ಣ ಮತ್ತು ಫಾಸ್ಫೇಟುಗಳ ಬಂಧವೇ.

ಸಂಸ್ಕರಿಸಿದ ಚೀಸನ್ನು ಕಾಯಿಸುವಾಗ ಕೊಬ್ಬು ಬೇರ್ಪಡದೆ ನುಣ್ಣಗೆ ಬರಲು ಸೋಡಿಯಂ ಫಾಸ್ಫೇಟ್ ಬಳಸುತ್ತಾರೆ. ಬೇಕಿಂಗ್ ಪೌಡರಿನಲ್ಲಿ ಕೇಕ್ ಉಬ್ಬಲು, ಮಾಂಸದ ಪದಾರ್ಥಗಳಲ್ಲಿ ನೀರಿನಂಶ ಉಳಿಯಲು ಸಹ ಫಾಸ್ಫೇಟ್ ಬೇಕು. ಕೋಲಾ ಪಾನೀಯಗಳ ಹುಳಿಗೆ ಫಾಸ್ಫಾರಿಕ್ ಆಮ್ಲ ಕಾರಣ. ಪೊಟ್ಟಣದ ಮೇಲೆ 338ರಿಂದ 341 ಅಥವಾ 450ರಿಂದ 452ರವರೆಗಿನ ಸಂಖ್ಯೆಗಳಿದ್ದರೆ ಅವು ಈ ಗುಂಪಿನವೆಂದು ತಿಳಿಯಬಹುದು.

ಇವು ವಿಷವೇ? ಅಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ, ಎಲ್ಲ ಆಹಾರದಿಂದ ಬರುವ ರಂಜಕ ಸೇರಿ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 40 ಮಿಲಿಗ್ರಾಂ ಮಿತಿಯನ್ನು ಸೂಚಿಸಿತು. 60 ಕಿಲೋ ತೂಕದವರಿಗೆ ಇದು 2,400 ಮಿಲಿಗ್ರಾಂ. ಆದರೆ ಮೂತ್ರಪಿಂಡದ ಕೆಲಸ ಕುಂದಿದವರಿಗೆ ಈ ಮಿತಿ ಅನ್ವಯಿಸದು. ಅವರಲ್ಲಿ ಹೆಚ್ಚಾದ ರಂಜಕ ಹೊರಹೋಗದೆ ರಕ್ತದಲ್ಲೇ ಉಳಿದು ಮೂಳೆ ಮತ್ತು ರಕ್ತನಾಳಗಳನ್ನು ಕೆಡಿಸುತ್ತದೆ. ಬೇಳೆಕಾಳುಗಳ ರಂಜಕ ಭಾಗಶಃ ಮಾತ್ರ ಜೀರ್ಣವಾಗುತ್ತದೆ. ಬೆರೆಸಿದ ಫಾಸ್ಫೇಟ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದರೆ ಕೋಲಾ, ಚೀಸ್ ಕೊಡುವ ಮುನ್ನ ವೈದ್ಯರನ್ನು ಕೇಳಿ. ಹಾಲು ಮಾರುವ ನಾವೇ ಹೇಳಬೇಕಾದ ಮಾತು: ಅಂಥವರಿಗೆ ಹಾಲನ್ನೂ ವೈದ್ಯರು ಹೇಳಿದ ಅಳತೆಯಲ್ಲೇ ಕೊಡಬೇಕು.

ಇನ್ನು ಕ್ಯಾನಿನ ವಿಷಯ. ಕಾರ್ಖಾನೆಯಲ್ಲಿ ಆಹಾರ ದರ್ಜೆಯ ಲವಣವನ್ನು ತೂಗಿ, ಕಾನೂನಿನ ಮಿತಿಯೊಳಗೆ ಹಾಕಿ, ಪೊಟ್ಟಣದ ಮೇಲೆ ನಮೂದಿಸುತ್ತಾರೆ. ಕ್ಯಾನಿಗೆ ಹಾಕಿದ ಚಿಟಿಕೆಗೆ ತೂಕವಿಲ್ಲ, ನಮೂದೂ ಇಲ್ಲ. ಆ ಹಾಲು ಕುಡಿಯುವವರು ಮೂತ್ರಪಿಂಡದ ರೋಗಿಯೋ ಹಸುಗೂಸೋ ನಮಗೆ ತಿಳಿಯದು. ಸಂಘಕ್ಕೆ ಹಾಕುವ ಹಾಲಿಗೆ ಫಾಸ್ಫೇಟ್, ಸೋಡಾ ಅಥವಾ ಯಾವುದೇ ಪುಡಿ ಬೆರೆಸುವುದು ಕಲಬೆರಕೆ. ಒಬ್ಬರ ಕ್ಯಾನಿನಿಂದ ಇಡೀ ಸಂಘದ ಹಾಲು ತಿರಸ್ಕೃತವಾಗಬಹುದು.

ಹಾಲು ಒಡೆಯುತ್ತಿದ್ದರೆ ಕಾರಣ ಕೊಟ್ಟಿಗೆಯಲ್ಲಿದೆ:

1. ಕೆಚ್ಚಲು ಬಾವು ಇದೆಯೇ ಎಂದು ಪರೀಕ್ಷಿಸಿ. ಬಾವಿನ ಹಾಲನ್ನೂ ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣು ಹಾಲನ್ನೂ ಬೇರೆ ಇಡಿ.

2. ಪಾತ್ರೆ, ಕ್ಯಾನುಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ.

3. ಕರೆದ ಕೂಡಲೇ ಹಾಲನ್ನು ಸಂಘಕ್ಕೆ ತಲುಪಿಸಿ. ಬೇಸಿಗೆಯಲ್ಲಿ ತಡವಾದಷ್ಟೂ ಹುಳಿಯೇರುತ್ತದೆ.

4. ಹಸುವಿಗೆ ಪ್ರತಿದಿನ ಖನಿಜ ಮಿಶ್ರಣ ಕೊಡಿ. ಗೊಬ್ಬರದ ಫಾಸ್ಫೇಟನ್ನು ಎಂದಿಗೂ ತಿನ್ನಿಸಬೇಡಿ. ಅದರಲ್ಲಿನ ಫ್ಲೋರೈಡ್ ಹಸುವಿನ ಹಲ್ಲು, ಮೂಳೆಗಳನ್ನು ಹಾಳುಮಾಡುತ್ತದೆ.

ಫಾಸ್ಫೇಟನ್ನು ಹಸುವಿಗೆ ಖನಿಜ ಮಿಶ್ರಣದ ಮೂಲಕ ಕೊಡಿ, ಹಾಲಿಗಲ್ಲ. ಸಂದೇಹವಿದ್ದರೆ ಕ್ಯಾನಿಗೆ ಕೈ ಹಾಕುವ ಮೊದಲು ಪಶುವೈದ್ಯರನ್ನು ಕರೆಯಬೇಕಾಗಿ ವಿನಂತಿ.