ಮನೆಯಲ್ಲಿ ಕುಳಿತು ದುಡಿಯುವವರ ದೂರವಾಣಿ

ಕೋವಿಡ್ ಮಹಾಮಾರಿಯ ತರುವಾಯ ಮಲೆನಾಡಿನ ಅನೇಕ ತರುಣ ತರುಣಿಯರು ಬೆಂಗಳೂರಿನ ಕಚೇರಿಗಳ ಕೆಲಸವನ್ನು ತಮ್ಮ ಊರಿನ ಮನೆಗಳಲ್ಲಿಯೇ ಕುಳಿತು ನಡೆಸುತ್ತಿರುವರೆಂಬುದು ವಾಚಕರಿಗೆ ವಿದಿತವೇ ಆಗಿದೆ. 2020ನೆಯ ನವೆಂಬರಿನಲ್ಲಿ ಭಾರತ ಸರಕಾರದವರು ಕಾಲ್ ಸೆಂಟರುಗಳ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದುದರಿಂದ ಈ ದಾರಿಯು ಇನ್ನಷ್ಟು ಸುಗಮವಾಯಿತು. ಊರಿನ ಮಕ್ಕಳು ಊರಿನಲ್ಲಿಯೇ ಅನ್ನ ಸಂಪಾದಿಸುವುದು ದೇಶಕ್ಕೆ ಶ್ರೇಯಸ್ಕರವೆಂದು ನಾವು ಬಗೆಯುತ್ತೇವೆ. ಆದರೆ ಇವರ ದೂರವಾಣಿಯು ಇಂಟರ್ನೆಟ್ಟನ್ನು ನಂಬಿರತಕ್ಕದ್ದು. ಆಷಾಢದ ಗಾಳಿಗೆ ಮರವೊಂದುರುಳಿ ತಂತಿ ಹರಿದರೆ ಕರೆಗಳು ನಿಲ್ಲುವುವು. ಕರೆಗಳ ಲೆಕ್ಕದ ಮೇಲೆ ನಡೆಯುವ ಉದ್ಯೋಗದಲ್ಲಿ ಅದು ಸಂಬಳದ ಪ್ರಶ್ನೆಯೇ ಸರಿ.

ಎರಡನೆಯ ಮಾರ್ಗವನ್ನಿಟ್ಟುಕೊಳ್ಳಿರೆಂದು ಉಪದೇಶಿಸುವುದು ಸುಲಭ. ನೌಕರನು ತನ್ನ ಹಣದಿಂದ ಮೊಬೈಲ್ ಸಿಮ್ಮೊಂದನ್ನು ರೂಟರಿಗೆ ಸೇರಿಸುವನು. ಆದರೂ ಕರೆ ಬಾರದು. ಏಕೆಂದರೆ ಅನೇಕ ರೂಟರುಗಳು ಪಕ್ಕದ ಪೆಟ್ಟಿಗೆಗೆ ಜೀವವಿದೆಯೇ ಎಂಬುದನ್ನಷ್ಟೇ ನೋಡುತ್ತವೆ. ಹತ್ತು ಮೈಲಿಯಾಚೆ ತಂತಿ ಹರಿದುದನ್ನು ಅರಿಯವು. ದೂರದ ಒಂದೆರಡು ವಿಳಾಸಗಳನ್ನು ಆಗಾಗ ವಿಚಾರಿಸುವಂತೆ ಅವನ್ನು ಏರ್ಪಡಿಸತಕ್ಕದ್ದು. ಮುಂದಿನ ತೊಡಕು ಇನ್ನೂ ಸೂಕ್ಷ್ಮವಾದುದು. ಮಾರ್ಗ ಬದಲಾದೊಡನೆ ಫೋನಿನ ವಿಳಾಸವೂ ಬದಲಾಗುವುದು. ಸೇವಾ ಕಂಪನಿಯ ಸರ್ವರಿನಲ್ಲಿಯಾದರೋ ಹಳೆಯ ವಿಳಾಸವೇ ನೋಂದಾಯಿತವಾಗಿರುವುದು. ನೋಂದಣಿಯ ಅವಧಿಯನ್ನು 3600 ಸೆಕೆಂಡುಗಳಿಗೆ ಇಡುವ ಪರಿಪಾಠ ಬಹಳವಾಗಿದೆ. ಫೋನು ತಾನಾಗಿ ಮತ್ತೆ ನೋಂದಾಯಿಸಿಕೊಳ್ಳದಿದ್ದರೆ ಹೆಚ್ಚುಕಡಿಮೆ ಒಂದು ಗಂಟೆ ಕರೆಗಳು ಪಾಳುಮನೆಯ ಬಾಗಿಲನ್ನೇ ತಟ್ಟುತ್ತಿರುವುವು! ಅವಧಿಯನ್ನು ಒಂದೆರಡು ನಿಮಿಷಗಳಿಗೆ ಇಳಿಸುವುದು ಲೇಸು. ನಡೆಯುತ್ತಿದ್ದ ಸಂಭಾಷಣೆಯು ಸಾಮಾನ್ಯವಾಗಿ ಕಡಿದೇ ಹೋಗುವುದು. ಉಳಿಯುವುದು ಮುಂದಿನ ಕರೆ.

ಹಿಂದಿನ ತಾಮ್ರದ ತಂತಿಯ ದೂರವಾಣಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ತು ಹರಿದುಬರುತ್ತಿತ್ತು. ಇಂದಿನ ಫೈಬರ್ ಪೆಟ್ಟಿಗೆಗೆ ಮನೆಯ ಕರೆಂಟೇ ಗತಿ. ಪೆಟ್ಟಿಗೆಗೂ ರೂಟರಿಗೂ ಯುಪಿಎಸ್ ಬೇಕು. ಅದಿದ್ದರೂ, ಊರಿನ ಮೊಬೈಲ್ ಟವರಿಗೆ ಹೋಗುವ ಫೈಬರು ಅದೇ ಮುರಿದ ಕಂಬದ ಮೇಲೆಯೇ ಹಾದಿದ್ದರೆ ಎರಡು ಮಾರ್ಗಗಳೂ ಒಟ್ಟಿಗೆ ಮುಗಿದಂತೆ.

ಆದುದರಿಂದ ಕೊನೆಯ ಆಸರೆಯನ್ನು ಸೇವಾ ಕಂಪನಿಯ ಸರ್ವರಿನಲ್ಲಿಯೇ ಇಡತಕ್ಕದ್ದು. ಫೋನು ದೊರೆಯದಿದ್ದಲ್ಲಿ ಕರೆಯು ಮೊದಲು ನೌಕರನ ಮೊಬೈಲಿಗೆ, ಅದೂ ದೊರೆಯದಿದ್ದಲ್ಲಿ ಬೇರೆ ಊರಿನ ಸಹೋದ್ಯೋಗಿಗೆ ತಿರುಗಬೇಕು. ಕಚೇರಿಯ ಖಾತೆಯಲ್ಲಿ ಇದನ್ನು ಏರ್ಪಡಿಸಬೇಕಾದವರು ನೌಕರರಲ್ಲ, ಯಜಮಾನರು. ಅದನ್ನು ಮಾಡದೆ ತಪ್ಪಿದ ಕರೆಗಳಿಗಾಗಿ ಸಂಬಳ ಕಡಿಯುವುದು ಶುದ್ಧ ಅನ್ಯಾಯವೆಂದು ನಾವು ಹೇಳದೆ ಇರಲಾರೆವು. ಮಳೆಗಾಲಕ್ಕೆ ಮೊದಲೇ ಅವರು ಒಂದು ದಿನವನ್ನು ಗೊತ್ತುಮಾಡಿ, ರೂಟರಿನ ತಂತಿಯನ್ನಲ್ಲ, ಅದರಾಚೆಯ ಫೈಬರನ್ನೇ ಬಿಡಿಸಿ, ಹೊರಗಿನಿಂದ ಕರೆ ಮಾಡಿಸಿ, ಎಷ್ಟು ಹೊತ್ತಿಗೆ ಗಂಟೆ ಬಾರಿಸುವುದೆಂದು ಗಡಿಯಾರ ಹಿಡಿದು ನೋಡಲಿ.