ವಿಂಡೋಸ್ 10 'ಬಂದ್' ಆಯಿತೇ? 11ಕ್ಕೆ ಹೋದರೆ ಫೈಲ್‌ಗಳು ಮಾಯವಾಗುತ್ತವೆಯೇ?

ವಿಂಡೋಸ್ 10 ಬಂದ್ ಆಗಿದೆ, ಈ ಲಿಂಕ್ ಒತ್ತಿ 11 ಹಾಕಿಕೊಳ್ಳದಿದ್ದರೆ ಕಂಪ್ಯೂಟರ್ ಆನ್ ಆಗುವುದಿಲ್ಲ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ಆದರೆ ಕಂಪ್ಯೂಟರ್ ನಿಲ್ಲಲಿಲ್ಲ. ನಿಂತಿದ್ದು ಉಚಿತ ಭದ್ರತಾ ಅಪ್‌ಡೇಟ್. ಹೊಸ ದೋಷ ಪತ್ತೆಯಾದರೂ ಅದನ್ನು ಮುಚ್ಚುವವರಿಲ್ಲ, ಹಾಗಾಗಿ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ಗೆ ಅಪಾಯ ದಿನೇ ದಿನೇ ಹೆಚ್ಚುತ್ತದೆ. ಇದಕ್ಕೂ ಒಂದು ದಾರಿ ಇಟ್ಟಿದ್ದಾರೆ. ಮನೆ ಬಳಕೆದಾರರು ವಿಸ್ತರಿತ ಭದ್ರತಾ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಹಣ ಕೊಡಬೇಕಿಲ್ಲ. ಈ ಯೋಜನೆಯೂ, ವಿಂಡೋಸ್ 11 ಕೂಡ ಸಿಗುವುದು ಸೆಟ್ಟಿಂಗ್ಸ್‌ನ 'ವಿಂಡೋಸ್ ಅಪ್‌ಡೇಟ್' ಪುಟದಲ್ಲಿ. ವಾಟ್ಸಾಪ್ ಲಿಂಕ್‌ನಲ್ಲಿ ಬಂದಿದ್ದನ್ನು ಮುಟ್ಟಲೇಬೇಡಿ.

ಇನ್ನು 11ಕ್ಕೆ ಹೋದವರ ಗಾಬರಿಯ ವಿಷಯ. ಸ್ಟಾರ್ಟ್ ಬಟನ್ ಎಡ ಮೂಲೆಯಿಂದ ನಡುವಿಗೆ ಬಂದಿದೆ. ಎಷ್ಟೋ ವರ್ಷ ಎಡಕ್ಕೇ ಹೋಗಿ ಅಭ್ಯಾಸವಾದ ಕೈ ಈಗಲೂ ಅಲ್ಲಿಗೇ ಓಡುತ್ತದೆ. ಕಂಪ್ಯೂಟರ್ ನಿಧಾನವಾಯಿತು ಎಂದು ಹಲವರಿಗೆ ಅನಿಸುವುದು ಇದರಿಂದಲೂ ಇರಬಹುದು. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ 'ಅಲೈನ್‌ಮೆಂಟ್' ಅನ್ನು 'ಲೆಫ್ಟ್' ಮಾಡಿದರೆ ಅದು ಹಳೆಯ ಜಾಗಕ್ಕೆ ಬರುತ್ತದೆ. ಕಟ್, ಕಾಪಿ ಕಾಣಿಸುತ್ತಿಲ್ಲವೇ? ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲಿ ಸಣ್ಣ ಚಿತ್ರಗಳಾಗಿ ಕೂತಿವೆ, ನೋಡಿ.

ನಿಜಕ್ಕೂ ಎಚ್ಚರ ಬೇಕಾಗಿರುವುದು ಒನ್‌ಡ್ರೈವ್ ಬಗ್ಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ನಿಮ್ಮ ಗಮನಕ್ಕೇ ಬಾರದೆ ಒನ್‌ಡ್ರೈವ್ ಒಳಗೆ ಸೇರಿರಬಹುದು. ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಮದುವೆ ಫೋಟೋಗಳಿಗೇ ಅದು ಸಾಲದು. 'ಜಾಗ ತುಂಬಿದೆ' ಎಂಬ ಸೂಚನೆ ಕಂಡು, ಕಂಪ್ಯೂಟರ್‌ನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡು ಮೊಬೈಲ್‌ನ ಒನ್‌ಡ್ರೈವ್‌ನಿಂದ ಡಿಲೀಟ್ ಮಾಡಿದರೆ ಕಂಪ್ಯೂಟರ್‌ನಿಂದಲೂ ಹೋಗುತ್ತದೆ. ಎರಡೂ ಕಡೆ ಕಾಣುವುದು ಒಂದೇ ಫೈಲ್! ಹೀಗಾಗಿದ್ದರೆ ಒನ್‌ಡ್ರೈವ್‌ನ ರಿಸೈಕಲ್ ಬಿನ್ ನೋಡಿ. ವೈಯಕ್ತಿಕ ಖಾತೆಯಲ್ಲಿ 30 ದಿನ ಅಲ್ಲಿರುತ್ತದೆ. ಬ್ಯಾಕಪ್ ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಖಾಲಿ ಕಂಡರೂ ಹೆದರಬೇಡಿ, ಫೈಲ್‌ಗಳು ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಇರುತ್ತವೆ. ಏನೇ ಇರಲಿ, ಬದಲಾಯಿಸುವ ಮೊದಲು ಒಂದು ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಕಾಪಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ನೋಟ್‌ಪ್ಯಾಡ್ ಕೂಡ ಬದಲಾಗಿದೆ. ಸೇವ್ ಮಾಡದೆ ಮುಚ್ಚಿದ ಬರಹ ಮತ್ತೆ ತೆರೆದಾಗ ಹಾಗೇ ಎದುರಾಗುತ್ತದೆ. ಇದು ವೈರಸ್ ಅಲ್ಲ, ಹೊಸ ಸೌಲಭ್ಯ. ಆದರೆ ಸೈಬರ್ ಸೆಂಟರ್‌ನಲ್ಲಿ ಆಧಾರ್ ಸಂಖ್ಯೆಯನ್ನೋ ಪಾಸ್‌ವರ್ಡನ್ನೋ ಅದರಲ್ಲಿ ಟೈಪ್ ಮಾಡಿ ಎದ್ದು ಬಂದರೆ ಮುಂದೆ ಕೂತವರಿಗೆ ಅದು ಕಾಣಬಹುದು. ಅಳಿಸಿ ಎದ್ದೇಳಿ.

ಕನ್ನಡದ ಹಳೆಯ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆಯೇ? ಫೈಲ್ ಹಾಳಾಗಿಲ್ಲ. ನುಡಿಯಂಥ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಹೊಸ ಕಂಪ್ಯೂಟರ್‌ನಲ್ಲಿ ಇಲ್ಲ, ಅಷ್ಟೇ. ಆ ಫಾಂಟ್ ಹಾಕಿದರೆ ಬರಹ ಮೊದಲಿನಂತೆ ಕಾಣುತ್ತದೆ. ಹೊಸದಾಗಿ ಬರೆಯಲು ವಿಂಡೋಸ್‌ನಲ್ಲೇ ಕನ್ನಡದ ಫೊನೆಟಿಕ್ ಕೀಬೋರ್ಡ್ ಇದೆ. ಭಾಷೆ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡ ಮೇಲೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು.