ಹಾವು ಮನೆಗೆ ಬಂತು, ಈಗ ಕೈ ಕಟ್ಟಿ ಕೂತ್ಕೊಳ್ಳಿ!

ಹೆಬ್ಬಾವು ಸಾಕಿದರೆ ಜೈಲಾ?
ಯಾವ ಹೆಬ್ಬಾವು, ಅದನ್ನ ಮೊದಲು ಹೇಳಿ.

ಹೊನ್ನಾಳಿ, ನ್ಯಾಮತಿ ಕಡೆ ಹೊಲದಲ್ಲಿ ನಮ್ಮ ನಾಡಿನ ಹೆಬ್ಬಾವು ಕಂಡರೆ,
ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ.
ಹಿಡಿದು ಸಾಕಿದರೆ ಕನಿಷ್ಠ 3 ವರ್ಷ ಜೈಲು.

ಬಾಲ್ ಪೈಥಾನ್ ಬೇರೆ.
ಆಫ್ರಿಕಾದ್ದು. ವಿಷ ಇಲ್ಲ.
20 ವರ್ಷಕ್ಕೂ ಹೆಚ್ಚು ಬದುಕುತ್ತೆ, ಯೋಚಿಸಿ ತನ್ನಿ.
ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ.

ಸರಿ, ಮನೆಗೆ ಬಂತು.
ಮೊದಲ ವಾರ ಏನು ಮಾಡ್ಬೇಕು?
ಏನೂ ಮಾಡ್ಬಾರದು!
ನೀರು ಬದಲಾಯಿಸಿ, ಅಷ್ಟೇ.
ಕೊರಳಿಗೆ ಹಾಕಿ ಸೆಲ್ಫಿ?
ನೀವೇನು ಶಿವನಾ?

ಟ್ಯಾಂಕಿನ ಒಂದು ಬದಿ 32 ಡಿಗ್ರಿ,
ಇನ್ನೊಂದು ಬದಿ 26.
ಚನ್ನಗಿರಿ ಅಡಿಕೆ ತೋಟದೊಳಗೆ ತಂಪು,
ಬೇಲಿ ದಾಟಿದರೆ ಬಿಸಿಲು, ಹಂಗೆ.
ಬೇಕಾದ ಕಡೆ ಅದೇ ಹರಿದು ಹೋಗುತ್ತೆ.
ಎರಡೂ ಬದಿ ಅಡಗೋಕೆ ಗೂಡು ಇಡಿ.
ಮೈ ತಾಗುವಷ್ಟು ಇಕ್ಕಟ್ಟಾಗಿರಲಿ,
ಅದಕ್ಕೆ ಅದೇ ಧೈರ್ಯ.
ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಬೇಕೇ ಬೇಕು,
ಇಲ್ಲದಿದ್ದರೆ ಹೊಟ್ಟೆ ಸುಡುತ್ತೆ.

ಜಗಳೂರಿನವರೇ, ನಿಮ್ಮ ಕಷ್ಟ ಬೇರೆ.
ಒಣ ಹವೆ!
ತೇವ ಸಾಲದಿದ್ದರೆ ಪೊರೆ ತುಂಡು ತುಂಡಾಗಿ ಕಳಚುತ್ತೆ.
ತೆಂಗಿನ ನಾರಿನ ಪುಡಿ ಹಾಸಿ, ನೀರು ಚಿಮುಕಿಸಿ.
ಏಪ್ರಿಲ್‌ನಲ್ಲಿ ಹೀಟರ್ ಬಿಡಿ,
ಹಾವನ್ನ ತಂಪಾಗಿಡೋದೇ ಕೆಲಸ.

ಊಟ?
ವಾರ ಕಳೆದ ಮೇಲೆ.
ಫ್ರೀಜರ್ ಇಲಿ, ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ,
ಇಕ್ಕಳದಲ್ಲಿ ಹಿಡಿದು ಕೊಡಿ.
ತಿನ್ನಲಿಲ್ವಾ? ಗಾಬರಿ ಬೇಡ,
ಈ ಜಾತಿಗೆ ಹಠ ಜಾಸ್ತಿ.
ಮುಂದಿನ ವಾರ ಮತ್ತೆ ಕೊಡಿ.
ತಿಂದರೆ ಎರಡು ದಿನ ಮುಟ್ಟಬೇಡಿ,
ಕಕ್ಕಿಬಿಡುತ್ತೆ!